ಎಂಟನೆಯ ನಳಿಗೆ

ಶಾಲೆಯ ವಾರ್ಷಿಕ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳು ತಮ್ಮ ಉದ್ಯೋಗದೊಳಗಿನ ಒಂದು ಅನುಭವವನ್ನು ಬರೆದು ಕಳಿಸಬೇಕೆಂದು ಮುಖ್ಯಾಧ್ಯಾಪಕರು ಕೇಳಿದಾಗ ನಾವು ಬಹಳ ದಿನ ಉತ್ತರ ಕೊಡದೆ ಸುಮ್ಮನಿದ್ದೆವು. ನಮ್ಮ ಉದ್ಯೋಗವು ಬಾಲಕರ ಮುಂದೆ ಬಣ್ಣಿಸಿ ಹೇಳುವಂಥದಲ್ಲ. ಸೈನ್ಯಕ್ಕೆ ಬೇಕಾದ ಸಾಮಾನುಗಳನ್ನು ರಚಿಸಿ, ಪರೀಕ್ಷಿಸಿ, ತಪ್ಪಿದರೆ ಮತ್ತೆ ರಚಿಸುವದು ನಮ್ಮ ಕೆಲಸವಾಗಿತ್ತು. ಅದರಲ್ಲಿ ಹೇಳಬಾರದ್ದು ಬಹಳ, ಹೇಳಬಹುದಾದದ್ದು ಸ್ವಲ್ಪ. ಆ ಸ್ವಲ್ಪದಲ್ಲಿಯೂ ಹೆಮ್ಮೆ ತರುವ ಸಂಗತಿಗಿಂತ ನಾಚಿಕೆ ತರುವ ಒಂದು ಪ್ರಸಂಗವೇ ಮೊದಲು ನೆನಪಿಗೆ ಬಂದಿತು. ಅದನ್ನೇ ಬರೆಯುತ್ತಿದ್ದೇವೆ. ನಾವು ಎಂದರೆ ಐದು ಜನ. ಅವರಲ್ಲಿ ಇಬ್ಬರು ಪುಣೆಯ ಈ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಕಲಿತವರು. ಬರೆಯುವ ಕೈ ಒಂದೇ ಆದರೂ ತಪ್ಪು ಐವರದೂ ಆದ್ದರಿಂದ ‘ನಾನು’ ಎಂಬ ಮಾತನ್ನು ಇಲ್ಲಿ ಬಳಸಿಲ್ಲ.

ಟ್ಯಾಂಕು ಎಂಬ ಉಕ್ಕಿನ ಗಾಡಿಯನ್ನು ನಮ್ಮ ವಾಚಕರು ಚಿತ್ರದಲ್ಲಾದರೂ ನೋಡಿರಬಹುದು. ಅದರ ದೊಡ್ಡ ತೋಪಿನ ಮೇಲೆಯೇ ಎಲ್ಲರ ಕಣ್ಣು ಹೋಗುವದರಿಂದ, ಅದರ ಇಕ್ಕೆಲಗಳಲ್ಲಿ ಸಾಲಾಗಿ ಜೋಡಿಸಿದ ಕುಳ್ಳ ನಳಿಗೆಗಳನ್ನು ಯಾರೂ ಲಕ್ಷಿಸುವದಿಲ್ಲ. ಇವು ಕೊಲ್ಲುವ ನಳಿಗೆಗಳಲ್ಲ, ಅಡಗಿಸುವ ನಳಿಗೆಗಳು. ಶತ್ರುವು ಗುರಿಯಿಟ್ಟನೆಂದು ತಿಳಿದ ಕೂಡಲೆ ಒಳಗಿನವನು ಗುಂಡಿ ಒತ್ತಿದರೆ, ಇವುಗಳಿಂದ ಹೊಗೆಯ ಡಬ್ಬಿಗಳು ಹಾರಿ, ಎದುರಿಗೆ ಗಾಳಿಯಲ್ಲಿಯೇ ಸಿಡಿದು, ಎರಡು ಮೂರು ಸೆಕೆಂಡುಗಳಲ್ಲಿ ಒಂದು ಗೋಡೆಯನ್ನೇ ಎಬ್ಬಿಸುವವು. ಆ ಗೋಡೆಯ ಮರೆಯಲ್ಲಿ ಗಾಡಿಯು ಹಿಂದೆ ಸರಿದು ಪಾರಾಗಬೇಕು. ಮರುಭೂಮಿಯಲ್ಲಿ ಇದಕ್ಕಿಂತ ಬೇರೆ ಮರೆ ಸಿಗುವದು ದುರ್ಲಭ. 1971ರ ಡಿಸೆಂಬರದಲ್ಲಿ ಲೋಂಗೇವಾಲಾದ ಬಳಿ ಪಾಕಿಸ್ತಾನದ ಟ್ಯಾಂಕುಗಳು ರಾತ್ರಿಯೆಲ್ಲ ಮರಳಿನಲ್ಲಿ ತೊಡಕಿಕೊಂಡು, ಬೆಳಗಾದ ಮೇಲೆ ಜೈಸಲಮೇರದಿಂದ ಹಾರಿಬಂದ ನಮ್ಮ ಹಂಟರ್ ವಿಮಾನಗಳ ಕಣ್ಣಿಗೆ ಬಿದ್ದು ನಾಶವಾದವು. ಮರಳಿನ ಮೇಲೆ ಅವುಗಳ ಗಾಲಿಯ ಗುರುತುಗಳೇ ಅವುಗಳನ್ನು ತೋರಿಸಿಕೊಟ್ಟವಂತೆ.

ಹೊಗೆಯನ್ನು ಎಬ್ಬಿಸುವದೇನು ದೊಡ್ಡ ವಿದ್ಯೆ ಎಂದು ಯಾರಾದರೂ ಕೇಳಬಹುದು. ಮನುಷ್ಯನ ಕಣ್ಣನ್ನು ಕಟ್ಟುವದು ಸುಲಭವೇ. ಆದರೆ ಈಗಿನ ಕಾಲದಲ್ಲಿ ಕಣ್ಣಿನ ಜಾಗದಲ್ಲಿ ಶಾಖವನ್ನು ನೋಡುವ ಕ್ಯಾಮರಾ ಬಂದಿದೆ. ಸಾಮಾನ್ಯ ಹೊಗೆಯ ಕಣಗಳು ಒಂದು ಮೈಕ್ರಾನಿನ ಆಸುಪಾಸಿನವು. ಅವು ಬೆಳಕನ್ನು ಚೆದರಿಸುತ್ತವೆ. 8ರಿಂದ 12 ಮೈಕ್ರಾನು ಉದ್ದದ ಶಾಖದ ಅಲೆಗಳು ಮಾತ್ರ ಅವುಗಳ ನಡುವೆ, ಜೋಳದ ಹೊಲದಲ್ಲಿ ಆನೆ ನುಗ್ಗಿದಂತೆ, ತಡೆಯಿಲ್ಲದೆ ದಾಟಿಬಿಡುತ್ತವೆ. ಎರಡನ್ನೂ ತಡೆಯುವ ಹೊಗೆಯನ್ನು ಸಿದ್ಧಪಡಿಸುವದು ನಮಗೆ ವಹಿಸಿದ ಕಾರ್ಯವಾಗಿತ್ತು. ಅದರ ಪಾಕವನ್ನು ಇಲ್ಲಿ ಹೇಳಲಾರೆವು.

ಪರೀಕ್ಷೆಗೆ ಪ್ರತಿಸಲವೂ ಟ್ಯಾಂಕನ್ನೇ ಕೊಡಿರೆಂದರೆ ಯಾರು ಕೊಟ್ಟಾರು? ಆದ್ದರಿಂದ ಪುಣೆಯ ನಮ್ಮ ಕಾರ್ಖಾನೆಯಲ್ಲಿಯೇ ಒಂದು ಎಂಟು ನಳಿಗೆಯ ಯಂತ್ರವನ್ನು ಕಟ್ಟಿಸಿದೆವು. ಟ್ಯಾಂಕಿನ ತಲೆಯಷ್ಟು ಎತ್ತರದ ಉಕ್ಕಿನ ಚೌಕಟ್ಟು. ಅದರ ಮೇಲೆ ಬೀಸಣಿಗೆಯ ಗರಿಗಳಂತೆ ಎಂಟು ನಳಿಗೆಗಳು, ಒಂದೊಂದೂ ಸ್ವಲ್ಪ ಬೇರೆ ದಿಕ್ಕಿಗೆ ಮುಖ ಮಾಡಿದಂಥವು. ಹೀಗಿದ್ದರೇನೆ ಡಬ್ಬಿಗಳು ಕಮಾನಿನಂತೆ ಹರಡಿ ಸಿಡಿದು ಹೊಗೆಯು ಗೋಡೆಯಾಗುವದು. ನಳಿಗೆಗಳನ್ನು ಬೆಸೆದ ಮುದುಕ ಫಿಟರರು ಅದನ್ನು ನೋಡಿ, “ಜಾತ್ರೆಯಲ್ಲಿ ಕೊಳಲು ಮಾರುವವನ ಕೋಲಿನಂತೆ ಆಯಿತಲ್ಲ!” ಎಂದು ನಕ್ಕರು. ಅಂದಿನಿಂದ ನಮ್ಮೊಳಗೆ ಆ ಯಂತ್ರಕ್ಕೆ ‘ಕೊಳಲು’ ಎಂದೇ ಹೆಸರಾಯಿತು. ಸರಕಾರಿ ಕಾಗದದಲ್ಲಿ ಅದಕ್ಕೆ ಒಂದೂವರೆ ಸಾಲಿನ ಹೆಸರಿತ್ತು.

ಹಲವು ನಳಿಗೆಗಳನ್ನು ಒಂದುಗೂಡಿಸುವ ಯೋಚನೆಯೇನೂ ಹೊಸತಲ್ಲ. 1862ರಲ್ಲಿ ಅಮೇರಿಕದ ಗ್ಯಾಟ್ಲಿಂಗನು ಹಿಡಿಕೆ ತಿರುವಿದಂತೆ ಒಂದಾದ ಮೇಲೊಂದು ನಳಿಗೆ ಹಾರುವ ಬಂದೂಕಿಗೆ ಹಕ್ಕುಪತ್ರ ಪಡೆದನು. ಒಂದು ಹಾರುವಾಗ ಉಳಿದವು ತಣ್ಣಗಾಗುವದು ಅದರ ಗುಟ್ಟು. ಅದಕ್ಕೂ ಹಿಂದೆ, ಹದಿನೇಳು ಬಂದೂಕುಗಳನ್ನು ಜೋಡಿಸಿ ಒಂದೇ ಬತ್ತಿಯಿಂದ ಹಾರಿಸುವ ಉಪಾಯದ ಮಾತು ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿದೆ. ಆತನು ಅದರ ಕೀರ್ತಿಯನ್ನು ಬಾದಶಹನಿಗೇ ಕಟ್ಟಿದ್ದಾನೆ. ಪಂಡಿತರಾದರೋ ಅದು ಫತೇವುಲ್ಲಾ ಶಿರಾಜಿಯ ಕೈಚಳಕವೆನ್ನುತ್ತಾರೆ. ಈ ಶಿರಾಜಿಯು ಮೊದಲು ನಮ್ಮ ವಿಜಾಪುರದ ಆದಿಲಶಾಹಿ ದರಬಾರಿನಲ್ಲಿದ್ದು, 1583ರಲ್ಲಿ ಅಕ್ಬರನ ಬಳಿಗೆ ಹೋದವನು. ಯಂತ್ರ ಮಾಡಿದವನ ಹೆಸರು ಹಿಂದೆ ಬಿದ್ದು ಅರಸನ ಹೆಸರು ಮುಂದೆ ಬರುವದು ಅಂದಿನಿಂದಲೂ ನಡೆದು ಬಂದಿರುವ ರೂಢಿ ಎಂದು ನಾವು ರೈಲಿನಲ್ಲಿ ಮಾತಾಡಿಕೊಂಡೆವು.

2007ರ ಮೇ ತಿಂಗಳಲ್ಲಿ ಜೋಧಪುರದಲ್ಲಿ ಇಳಿದು, ಅಲ್ಲಿಂದ ಸುಮಾರು 170 ಕಿ.ಮೀ. ದೂರದ ಪೋಖರಣಕ್ಕೆ ಲಾರಿಯಲ್ಲಿ ಹೋದೆವು. ಪೋಖರಣವೆಂದ ಕೂಡಲೆ ಎಲ್ಲರಿಗೂ 1974ರ ಮತ್ತು 1998ರ ಅಣುಸ್ಫೋಟಗಳು ನೆನಪಾಗುತ್ತವೆ. ನಮ್ಮ ಕೆಲಸ ಅಂಥ ದೊಡ್ಡದಲ್ಲ. ಆ ವಿಶಾಲ ಬಯಲಿನ ಒಂದು ಮೂಲೆಯನ್ನು ನಾಲ್ಕು ದಿವಸಗಳ ಮಟ್ಟಿಗೆ ನಮಗೆ ಬಿಟ್ಟುಕೊಟ್ಟಿದ್ದರು. ಮರುಭೂಮಿಯೆಂದರೆ ಬರಿಯ ಮರಳೇ ಇರಬಹುದೆಂದು ಎಣಿಸಿದ್ದ ನಮಗೆ, ಅಲ್ಲಿಯ ಎಕ್ಕೆಯ ಗಿಡಗಳನ್ನೂ ಬನ್ನಿಯ ಮರಗಳನ್ನೂ ಕಂಡು ಊರವರು ಸಿಕ್ಕಂತಾಯಿತು. ಹೌದು, ಅಲ್ಲಿಯ ಜನ ಖೇಜಡಿ ಎನ್ನುವ ಮರವು ನಮ್ಮ ಬನ್ನಿಯೇ. ಪುಣೆಯಲ್ಲಿ ದಸರೆಯ ದಿನ ನೆರೆಹೊರೆಯವರು ಆಪಟೆಯ ಎಲೆಯನ್ನು ಬಂಗಾರವೆಂದು ಕೊಟ್ಟರೆ, ನಮ್ಮ ಹಿರಿಯರು ಬನ್ನಿಗಾಗಿ ಊರೆಲ್ಲ ಹುಡುಕುತ್ತಿದ್ದರು. ಇಲ್ಲಿ ಬೇಕಾದಷ್ಟಿತ್ತು! ಈ ಮರವನ್ನು ಅಲ್ಲಿಯವರು ಪ್ರಾಣದಂತೆ ಕಾಯುತ್ತಾರೆ. 1730ರಲ್ಲಿ ಜೋಧಪುರದ ಬಳಿಯ ಖೇಜಡಲಿಯಲ್ಲಿ ಅರಸನ ಆಳುಗಳು ಇವನ್ನು ಕಡಿಯಬಂದಾಗ ಅಮೃತಾದೇವಿ ಎಂಬ ತಾಯಿಯೊಡನೆ 363 ಜನ ಬಿಷ್ಣೋಯಿಗಳು ಮರಗಳನ್ನು ತಬ್ಬಿಕೊಂಡು ಸತ್ತರು.

ನಮ್ಮೊಡನೆ ಸೈನ್ಯದ ಒಬ್ಬ ಹವಾಲ್ದಾರರೂ ಮೂವರು ಜವಾನರೂ ಇದ್ದರು. ಇನ್ನೊಬ್ಬ ಮುದುಕನಿದ್ದನು. ಆತನು ಖೋಜಿ. ಮರಳಿನ ಮೇಲಿನ ಹೆಜ್ಜೆಗಳನ್ನು ನೋಡಿ ನಡೆದವರ ವಿಷಯ ಹೇಳುವದು ಅಲ್ಲಿಯ ಕೆಲವು ಮನೆತನಗಳ ವಿದ್ಯೆ. ಗಡಿ ಕಾಯುವವರು ಅಂಥವರನ್ನು ನೆಚ್ಚಿಕೊಂಡಿರುತ್ತಾರೆ. ತಪ್ಪಿಸಿಕೊಂಡ ಒಂಟೆ ಹುಡುಕುವದರಲ್ಲಿಯೇ ತಲೆ ನರೆತವನು ಈತ. ನಮ್ಮ ಯಂತ್ರವನ್ನು ಒಮ್ಮೆ ಸುತ್ತು ಹಾಕಿ ನೋಡಿ, ಏನೂ ಹೇಳದೆ, ನೀರಿನ ಗಡಿಗೆಯ ನೆರಳಿನಲ್ಲಿ ಕುಳಿತುಬಿಟ್ಟನು. ಅವನ ಕೂಲಿ ದಂಡವೆಂದು ನಮ್ಮಲ್ಲೊಬ್ಬರು ಮೊದಲ ದಿನವೇ ಲೆಕ್ಕ ಹಾಕಿದ್ದರು.

ಸ್ಥಳದ ವರ್ಣನೆ ಇಷ್ಟು: ಯಂತ್ರದ ಮುಂದೆ ಸಮತಟ್ಟಾದ ನೆಲ, 90 ಮೀಟರಿನಾಚೆ ಎರಡಾಳು ಎತ್ತರದ ಮರಳದಿಬ್ಬ, ಬಲಗಡೆ ದೂರದಲ್ಲಿ ಇನ್ನೊಂದು ಎತ್ತರವಾದ ದಿಬ್ಬ. ಈ ಎರಡನೆಯದರ ಮೇಲೆ ಕೆಂಪು ನಿಶಾನೆಯೊಡನೆ ಒಬ್ಬ ಜವಾನನು ನಿಂತರೆ ಅವನಿಗೆ ಮೊದಲ ದಿಬ್ಬದ ಹಿಂಬದಿಯೂ ಕಾಣುತ್ತಿತ್ತು. ನಾವು ಹಿಂದಿನ ಕಂದಕದಲ್ಲಿ ಮರಳಚೀಲಗಳ ಮರೆಗೆ ಕುಳಿತು ತಂತಿಯಿಂದ ಹಾರಿಸುತ್ತಿದ್ದೆವು. ಮುಂದಿನ ದಿಬ್ಬದ ಬುಡದಲ್ಲಿ ಒಂದು ಉಕ್ಕಿನ ಹಲಗೆಯನ್ನು ನಿಲ್ಲಿಸಿ, ಅದರ ಬೆನ್ನಿಗೆ ಇದ್ದಲಿಯ ಶೆಗಡಿಗಳನ್ನಿಟ್ಟು ಕಾಯಿಸುತ್ತಿದ್ದೆವು. ಹೊಗೆಯಾಚೆಯಿಂದ ಶಾಖದ ಕ್ಯಾಮರಾಕ್ಕೆ ಅದು ಕಾಣುವದೊ ಇಲ್ಲವೊ ಎಂಬದೇ ಪರೀಕ್ಷೆ. ಕೋಟಿಗಟ್ಟಲೆ ಬೆಲೆಯ ಉಪಕರಣಗಳ ನಡುವೆ ಆ ನಾಲ್ಕು ಶೆಗಡಿಗಳು ಎಷ್ಟು ನಿಷ್ಠೆಯಿಂದ ಕೆಲಸ ಮಾಡಿದವೆಂಬದನ್ನು ಇಲ್ಲಿ ದಾಖಲಿಸಲೇಬೇಕು.

ಬೆಳಗಿನ ಆರು ಗಂಟೆಗೆ ಹಾರಿಸಿದಾಗ ಹೊಗೆಯು ನೆಲವನ್ನು ತಬ್ಬಿಕೊಂಡು ನಿಂತಿತು. ರಾತ್ರಿ ಮರಳು ತಣ್ಣಗಾಗಿ, ಅದನ್ನು ಮುಟ್ಟಿದ ಗಾಳಿಯೂ ತಣ್ಣಗಾಗಿ, ಮೇಲಿನ ಬೆಚ್ಚಗಿನ ಗಾಳಿಯು ಮುಚ್ಚಳದಂತೆ ಕೂತಿರುವ ಹೊತ್ತು ಅದು. ಹತ್ತು ಗಂಟೆಯ ಮೇಲಾದರೆ ಕಾದ ನೆಲದಿಂದ ಗಾಳಿ ಮೇಲೇಳತೊಡಗಿ, ಅದೇ ಹೊಗೆ ಬುಡ ಕಿತ್ತ ಬೇಲಿಯಂತೆ ಎದ್ದು ಹೋಗುತ್ತದೆ. ಪುಣೆಯಲ್ಲಿ ಕೂತು ಇದನ್ನು ಕಾಗದದ ಮೇಲೆ ಬರೆಯಬಹುದು. ಅದೆಷ್ಟು ಬೇಗ ಏಳುತ್ತದೆಂದು ತಿಳಿಯಲು ಅಲ್ಲಿಗೇ ಹೋಗಬೇಕು.

ಎರಡನೆಯ ದಿನ ಒಂಬತ್ತು ಗಂಟೆಗೆ ಆ ದಿನದ ಕೊನೆಯ ಹಾರಿಕೆ. ಗಾಳಿ ಜೋರಾಗಿ ಕ್ಯಾಮರಾದ ಡೇರೆ ಹಾರಿಹೋಗುವಂತಾಗಿತ್ತು. ಗೂಟ ಹೊಡೆಯಲು ಕೈ ಸಾಲದೆ ನಾವು ದಿಬ್ಬದ ಮೇಲಿನ ಜವಾನನನ್ನು ಕೂಗಿ ಕೆಳಗೆ ಕರೆದೆವು. ಗೂಟ ಹೊಡೆದಾಯಿತು. ಬಿಸಿಲಿಗೆ ಹೆದರಿ ಎಲ್ಲರಿಗೂ ಅವಸರ. ಆತನನ್ನು ಮತ್ತೆ ಮೇಲೆ ಕಳಿಸಬೇಕೆಂಬದು ಐವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಕರೆದವರು ನಾವು, ಹೋಗೆಂದು ಹೇಳದೆ ಅವನು ಹೋಗುವವನಲ್ಲ. ಗುಂಡಿ ಒತ್ತಿದೆವು.

ಎಂಟು ಶಬ್ದಗಳು ಒಂದೇ ಶಬ್ದವಾಗಿ ಕೇಳುವದರಿಂದ ಕಿವಿಯಿಂದ ಎಣಿಸುವದು ಸಾಧ್ಯವಿಲ್ಲ. ಆದರೆ ಗೋಡೆಯ ಬಲತುದಿಯಲ್ಲಿ, ಬಿದ್ದ ಹಲ್ಲಿನ ಜಾಗದಂತೆ, ಒಂದು ತೆರಪು ಕಾಣಿಸಿತು. ಏಳು ಮಾತ್ರ ಸಿಡಿದಿದ್ದವು. ಎಂಟನೆಯದು ನಳಿಗೆಯಲ್ಲಿಯೇ ಕುಳಿತಿದೆಯೊ, ಹಾರಿದೆಯೊ? ಕುಳಿತಿದ್ದರೆ ತಡವಾಗಿ ಸಿಡಿಯಬಹುದು. ಆದ್ದರಿಂದ ಅರ್ಧ ತಾಸು ಯಾರೂ ಕಂದಕ ಬಿಟ್ಟು ಏಳಬಾರದೆಂಬದು ಹವಾಲ್ದಾರರ ಅಪ್ಪಣೆ. ಕುಳಿತೆವು. ಮೂವತ್ತು ನಿಮಿಷಗಳು ಎಷ್ಟು ಉದ್ದವೆಂಬದು ಪರೀಕ್ಷೆ ಬರೆಯುವ ನಮ್ಮ ಬಾಲಕರಿಗೆ ತಿಳಿಯದು. ಅವರಿಗೆ ಅದು ಯಾವಾಗಲೂ ಕಡಿಮೆಯೇ.

ಅವಧಿ ಮುಗಿದ ಮೇಲೆ ಹವಾಲ್ದಾರರು ಒಬ್ಬರೇ ಹೋಗಿ ನೋಡಿ ಬಂದರು. ಎಂಟೂ ನಳಿಗೆಗಳು ಖಾಲಿ. ಅಂದಮೇಲೆ ಸಿಡಿಯದ ಡಬ್ಬಿಯೊಂದು ಬಯಲಲ್ಲಿ ಬಿದ್ದಿತ್ತು. ಲೆಕ್ಕ ಸರಿಹೋಗದೆ ಜಾಗ ಬಿಡುವಂತಿಲ್ಲ. ಇಂಥ ಬಯಲುಗಳಲ್ಲಿ ಬಿದ್ದ ಲೋಹದ ಚೂರುಗಳನ್ನು ಆಯ್ದು ಮೋಡಕಾ ಅಂಗಡಿಗೆ ಮಾರುವ ಬಡವರಿದ್ದಾರೆ. ಸಿಡಿಯದೆ ಉಳಿದದ್ದನ್ನು ಬಡಿದು ಕೈಕಾಲು ಕಳೆದುಕೊಂಡವರೂ ಇದ್ದಾರೆ. ನಾವು ಹಗ್ಗ ಹಿಡಿದು ಸಾಲಾಗಿ ನಿಂತು, ಉಳಿದ ಏಳು ಸಿಡಿದಿದ್ದ ಕಮಾನಿನ ಕೆಳಗೆ ಅಂಗುಲ ಅಂಗುಲ ಹುಡುಕಿದೆವು. ಒಂದು ಗಂಟೆಯಾಯಿತು. ಏಳರ ಚೂರುಗಳು ಸಿಕ್ಕವು, ಎಂಟನೆಯದಿಲ್ಲ. ಮರಳಿನಿಂದ ಬರುವ ಝಳಕ್ಕೆ ಕಣ್ಣು ಕತ್ತಲೆಗೂಡುತ್ತಿದ್ದವು.

ಆಗ ನಮ್ಮ ಬೆಂಚಿನ ಗೆಳೆಯರು ನಿಂತಲ್ಲಿಯೇ ನಿಂತು, “ಸೀಮೆಸುಣ್ಣ!” ಎಂದರು. ಬಿಸಿಲಿಗೆ ತಲೆ ಕೆಟ್ಟಿತೆಂದು ಉಳಿದ ಮೂವರು ಗಾಬರಿಯಾದರು. ಈ ಶಾಲೆಯಲ್ಲಿ ಓದಿದ ನಮಗೆ ಮಾತ್ರ ಅರ್ಥವಾಯಿತು. ಒಂಬತ್ತನೆಯ ತರಗತಿಯಲ್ಲಿ ಗಣಿತದ ಗುರುಗಳು ತೂಕಡಿಸುವ ಒಬ್ಬ ಹುಡುಗನ ಮೇಲೆ ಸೀಮೆಸುಣ್ಣದ ತುಂಡನ್ನು ಎಸೆದಾಗ, ನಡುವಿನ ಬೆಂಚಿನವನೊಬ್ಬ ಅದನ್ನು ಗಾಳಿಯಲ್ಲಿಯೇ ಹಿಡಿದುಬಿಟ್ಟನು. ಪೆಟ್ಟು ಬೀಳುವದೆಂದು ನಾವೆಲ್ಲ ಉಸಿರು ಹಿಡಿದರೆ, ಗುರುಗಳು ಶಾಂತವಾಗಿ, “ನೀನು ಹಿಡಿಯದಿದ್ದರೆ ಅದು ಎಲ್ಲಿ ಬೀಳುತ್ತಿತ್ತಪ್ಪಾ?” ಎಂದು ಕೇಳಿದರು. ಅಂದು ಪರವಲಯದ ಪಾಠ ಹೀಗೆ ಮೊದಲಾಯಿತು.

ಏಳು ಡಬ್ಬಿಗಳು 55 ಮೀಟರಿನ ಹತ್ತಿರ ಸಿಡಿದದ್ದು ಅವು ಅಲ್ಲಿ ಬಿದ್ದವೆಂದಲ್ಲ. ಅಲ್ಲಿಗೆ ಹೋಗುವಷ್ಟರಲ್ಲಿ ಒಳಗಿನ ಬತ್ತಿ ಮುಗಿದು ಗಾಳಿಯಲ್ಲಿಯೇ ಒಡೆದವು. ಒಡೆಯದೆ ಇದ್ದದ್ದು ತನ್ನ ದಾರಿಯನ್ನು ಪೂರೈಸಲೇಬೇಕಷ್ಟೆ! ಲೆಕ್ಕ ಸುಲಭವಾಗಲೆಂದು ಸಂಖ್ಯೆಗಳನ್ನು ದುಂಡಗೆ ಮಾಡಿ ಹೇಳುವದಾದರೆ, ಸೆಕೆಂಡಿಗೆ 40 ಮೀಟರ್ ವೇಗ, 20 ಅಂಶದ ಕೋನ, ಒಂದೂವರೆ ಸೆಕೆಂಡಿನ ಬತ್ತಿ. ಗಾಳಿಯ ತಡೆಯನ್ನು ಬಿಟ್ಟರೆ ಅದು ನೂರು ಮೀಟರಿಗೂ ಆಚೆ ಬೀಳಬೇಕು. ಮೇಲಿನ ತರಗತಿಯ ವಿದ್ಯಾರ್ಥಿಗಳು ಮಾಡಿ ನೋಡಬಹುದು. ಎಂದರೆ ದಿಬ್ಬವನ್ನು ದಾಟಿ, ಅದರ ಹಿಂಬದಿಗೆ. ನಾವು ಐವರು ಯಂತ್ರಪಂಡಿತರು ಒಂದು ಗಂಟೆಯ ಕಾಲ ತಪ್ಪು ಜಾಗದಲ್ಲಿ ಹುಡುಕಿದ್ದೆವು. ಹಿಂಬದಿ ಎಂದ ಕೂಡಲೆ, ಅಲ್ಲಿಯ ಪಹರೆ ನಮ್ಮ ಡೇರೆಯ ಗೂಟದ ಬಳಿ ನಿಂತಿರುವದು ನೆನಪಿಗೆ ಬಂದಿತು.

ಖೋಜಿಯನ್ನು ಕರೆದುಕೊಂಡು ದಿಬ್ಬವೇರಿದೆವು. ಹಿಂಬದಿಯಲ್ಲಿ ಯಾರೂ ಇರಲಿಲ್ಲ. ಮುದುಕನು ನಮ್ಮನ್ನು ತಡೆದು ನಿಲ್ಲಿಸಿ, ತಾನೊಬ್ಬನೇ ಚಪ್ಪಲಿ ಬಿಟ್ಟು ಇಳಿದನು. ಸ್ವಲ್ಪ ಹೊತ್ತಿನಲ್ಲಿ ಮರಳಿನ ಮೇಲೆ ಒಂದು ಗೀರನ್ನು ತೋರಿಸಿದನು. ಡಬ್ಬಿಯು ನೆಲಕ್ಕೆ ತಾಗಿ ಪುಟಿದ ಗುರುತು. ಅದರಾಚೆ ಇನ್ನೊಂದು ಚಿಕ್ಕ ಗೀರು. ಅದರಾಚೆ ಮೊಣಕೈಯಷ್ಟು ಉದ್ದದ ಒಂದು ಕುಳಿ. ಕುಳಿಯಲ್ಲಿ ಏನೂ ಇರಲಿಲ್ಲ.

ಆತನು ಕುಕ್ಕುರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದನು. ಬಳಿಕ ಹಿಂದಿಯಲ್ಲಿ ಹೇಳಿದ ಮಾತುಗಳು ಇವು: “ಮೇಕೆಗಳು, ಹನ್ನೆರಡೊ ಹದಿಮೂರೊ. ಹಿಂದೆ ಒಬ್ಬ ಹುಡುಗ, ಬರಿಗಾಲು. ಬರುವಾಗ ಹೆಜ್ಜೆ ಹಗುರ; ಹೋಗುವಾಗ ಬಲಗಾಲು ಆಳಕ್ಕೆ ಇಳಿದಿದೆ. ಬಲಗೈಯಲ್ಲಿ ಭಾರವಿದೆ, ಸಾಬ್.”

ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ನಾವು ಕಂದಕದಲ್ಲಿ ನಿಯಮದಂತೆ ಅರ್ಧ ತಾಸು ಜೀವ ಕಾಪಾಡಿಕೊಂಡು ಕುಳಿತಿದ್ದಾಗ, ನಾವೇ ಎಬ್ಬಿಸಿದ ಹೊಗೆಯು ಗಾಳಿಗೆ ದಿಬ್ಬದ ಮೇಲೆ ಹರಿದು ಹೋಗುವದನ್ನು ನೋಡಿ ಆ ಹುಡುಗನು ಬಂದಿದ್ದನು.

ಗುರುತುಗಳ ಹಿಂದೆ ಓಡಿದೆವು. ಓಡಬಾರದೆಂದು ಹವಾಲ್ದಾರರು ಬೈದರು, ಓಡಿದೆವು. ಎರಡು ದಿಬ್ಬಗಳ ಆಚೆ ಒಂದು ಬನ್ನಿಯ ಮರ, ಅದರ ಕೆಳಗೆ ಮೇಕೆಗಳು, ಅವುಗಳ ನಡುವೆ ಎಂಟೊಂಬತ್ತು ವರ್ಷದ ಒಬ್ಬ ಹುಡುಗ ರೊಟ್ಟಿ ತಿನ್ನುತ್ತ ಕುಳಿತಿದ್ದನು. ಅವನ ಕೈಯಲ್ಲಿ ಡಬ್ಬಿಯಿರಲಿಲ್ಲ. ಖೋಜಿಯು ನಮ್ಮನ್ನೆಲ್ಲ ದೂರ ನಿಲ್ಲಿಸಿ, ಯಾವುದೋ ಮೇಕೆಯ ವಿಷಯ ಕೇಳುವವನಂತೆ, ದನಿಯೇರಿಸದೆ ಮಾರವಾಡಿಯಲ್ಲಿ ಮಾತಾಡುತ್ತ ಅವನನ್ನು ತನ್ನ ಕಡೆಗೆ ಕರೆದನು. ಹುಡುಗನು ಎದ್ದು ಬಂದನು. ಅವನ ಹಿಂದೆ ಮೇಕೆಗಳೂ ಬಂದವು. ಮುದುಕನು ಅವನ ರಟ್ಟೆ ಹಿಡಿದ ಮೇಲೆಯೇ ನಾವು ಉಸಿರು ಬಿಟ್ಟದ್ದು.

“ಎಲ್ಲಿ?” ಎಂದರೆ ಹುಡುಗನು ಮರದ ಮೇಲೆ ಕೈ ತೋರಿಸಿದನು. ಮೇಕೆಗಳು ತುಳಿಯಬಾರದೆಂದು ಎರಡು ಕೊಂಬೆಗಳ ಸಂದಿನಲ್ಲಿ ಭದ್ರವಾಗಿ ಸಿಕ್ಕಿಸಿ ಇಟ್ಟಿದ್ದನು. ಪಾಂಡವರು ಆಯುಧಗಳನ್ನು ಬನ್ನಿಯ ಮರದ ಮೇಲೆ ಅಡಗಿಸಿಟ್ಟ ಕಥೆಯನ್ನು ವರ್ಷವರ್ಷವೂ ದಸರೆಗೆ ಕೇಳಿದವರು ನಾವು. ಆ ಕಥೆ ಅವನಿಗೆ ಗೊತ್ತಿತ್ತೊ ಇಲ್ಲವೊ, ಕೇಳುವ ಸಮಯ ಅದಲ್ಲ.

ಇನ್ನು ತೊಡಕು ಬಂದದ್ದು ಮರದ ದೆಸೆಯಿಂದ. ಸಿಡಿಯದ ಗುಂಡನ್ನು ಇದ್ದಲ್ಲಿಯೇ ನಾಶಮಾಡಬೇಕು, ಮುಟ್ಟಬಾರದು ಎಂಬದು ಹವಾಲ್ದಾರರು ಕಲಿತ ಪಾಠ. ಆದರೆ ಖೇಜಡಿಯನ್ನು ಸುಡುವದಾದರೆ ತಾನು ಅದರ ಬುಡದಲ್ಲಿಯೇ ಕೂಡುವೆನೆಂದು ಮುದುಕನು ಹಟ ಹಿಡಿದನು. ಕೊನೆಗೆ ಹವಾಲ್ದಾರರು ಯೋಚಿಸಿ, ಮರದ ಕೆಳಗೆ ಮರಳಚೀಲಗಳನ್ನು ಹಾಸಿಸಿ, ತಾವೊಬ್ಬರೇ ಏರಿ ಡಬ್ಬಿಗೆ ಉದ್ದವಾದ ಹಗ್ಗದ ಕುಣಿಕೆ ಹಾಕಿ ಇಳಿದು ಬಂದರು. ಅವರು ಮರದ ಮೇಲಿದ್ದ ನಾಲ್ಕು ನಿಮಿಷಗಳಲ್ಲಿ ಅವರ ಅಂಗಿಯ ಬೆನ್ನು ಪೂರ್ತಿ ನೆನೆದುಹೋಯಿತು. ನಾವು ದಿಬ್ಬದ ಹಿಂದೆ ಮಲಗಿಕೊಂಡು ಹಗ್ಗ ಎಳೆದೆವು. ಮೊದಲಿಗೆ ಬರಲಿಲ್ಲ, ಹುಡುಗನು ಅಷ್ಟು ಭದ್ರವಾಗಿ ಸಿಕ್ಕಿಸಿದ್ದನು. ಎರಡನೆಯ ಸಲ ‘ಧಪ್’ ಎಂದು ಚೀಲದ ಮೇಲೆ ಬಿದ್ದಿತು. ಮತ್ತೆ ಕಾದೆವು. ಆಮೇಲೆ ಅದನ್ನು ಹಾಗೆಯೇ ಮರಳಿನ ಮೇಲೆ ದೂರ ಎಳೆದು, ಕುಳಿ ತೋಡಿ, ಹವಾಲ್ದಾರರು ಸಿಡಿಸಿದರು. ಬೂದುಬಣ್ಣದ ಹೊಗೆಯೆದ್ದು ಮೇಕೆಗಳೆಲ್ಲ ಕೆಮ್ಮಿದವು. ಏತಕ್ಕಾಗಿ ಅದು ಮೊದಲು ಸಿಡಿಯಲಿಲ್ಲವೆಂಬದು ತಿಳಿಯದೆಯೇ ಹೋಯಿತು. ತಿಳಿಸಬೇಕಾದ ಡಬ್ಬಿಯೇ ಇರಲಿಲ್ಲವಲ್ಲ.

ಹುಡುಗನಿಗೆ ಇದಾವುದೂ ಒಪ್ಪಿಗೆಯಾಗಲಿಲ್ಲ. ತಾನು ಮೇಕೆ ಮೇಯಿಸುವ ಜಾಗದಲ್ಲಿ ತನಗೆ ಸಿಕ್ಕದ್ದು ತನ್ನದು. ಅದನ್ನು ಹಾಳು ಮಾಡಿದವರು ಬೆಲೆ ಕೊಡಬೇಕು ಎಂಬದು ಅವನ ವಾದ. ಅದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ. ನಮ್ಮಲ್ಲೊಬ್ಬರು ತಮ್ಮ ಮೂರು ತಾಳಿನ ಸ್ಟೀಲಿನ ಊಟದ ಡಬ್ಬಿಯನ್ನು ತೊಳೆದು ಕೊಟ್ಟರು. ಅವನು ಅದನ್ನು ಬಲಗೈಯಲ್ಲಿ ಹಿಡಿದು ಎರಡು ಸಲ ತೂಗಿ ನೋಡಿ ಮುದುಕನಿಗೆ ಏನೋ ಹೇಳಿದನು.

“ಇದು ಹಗುರವಂತೆ, ಸಾಬ್,” ಎಂದನು ಖೋಜಿ.

ಆದರೂ ಇಟ್ಟುಕೊಂಡನು. ವರದಿಯಲ್ಲಿ ಆ ದಿನಕ್ಕೆ ಒಂದೇ ಸಾಲು ಬಂದಿತು: ಎಂಟರಲ್ಲಿ ಏಳು ಸಫಲ, ಒಂದು ನಿಷ್ಫಲ, ಹುಡುಕಿ ನಾಶಪಡಿಸಲಾಯಿತು. ಪಹರೆಯ ವಿಷಯವನ್ನು ಅದರ ಕೆಳಗೆ ನಾವೇ ಕೈಯಿಂದ ಬರೆದು ಐವರೂ ಸಹಿ ಮಾಡಿದೆವು. ಖೋಜಿಯ ಕೂಲಿಯ ಮಾತನ್ನು ಅನಂತರ ಯಾರೂ ಎತ್ತಲಿಲ್ಲ.

ಮರುದಿನ ಬೆಳಗಿನ ಜಾವ ಬಲಗಡೆಯ ದಿಬ್ಬದ ಮೇಲೆ ಇಬ್ಬರು ಜವಾನರನ್ನು ನಿಲ್ಲಿಸಿದೆವು. ಹಾರಿಸುವ ಮೊದಲು ದುರ್ಬೀನಿನಿಂದ ನೋಡಿದರೆ ಅಲ್ಲಿ ಮೂರು ಆಕೃತಿಗಳು ಕಂಡವು. ಗಾಬರಿಯಿಂದ ಮತ್ತೆ ನೋಡಿದೆವು. ಮೂರನೆಯವನು ಜವಾನರ ನಡುವೆ ಕುಳಿತಿದ್ದನು. ಮಡಿಲಲ್ಲಿ ಸ್ಟೀಲಿನ ಡಬ್ಬಿಯಿತ್ತು. ಹೊಗೆ ಏಳುವದನ್ನು ನೋಡಲು ಬಂದಿದ್ದನಂತೆ.